ಬೇಲಿ ದಾಟಿದ ಸೇಬಿನ ಕೊಂಬೆ

ಸಾಮರ್ಸೆಟ್ ಸೀಮೆಯ ಹಳ್ಳಿಯೊಂದರಲ್ಲಿ ಸಿರಿಲ್ ಎಂಬ ನಿವೃತ್ತ ಬಸ್ ಚಾಲಕನಿದ್ದ. ಅವನ ಜೀವವೆಲ್ಲ ಹಿತ್ತಿಲ ಬೀನ್ಸ್ ಬಳ್ಳಿಯ ಮೇಲೆ. ಆದರೆ ಪಕ್ಕದ ಮನೆಯ ಎನಿಡ್‌ಳ ಸೇಬಿನ ಮರ ಬೇಲಿ ದಾಟಿ ಬಂದು ಬಿಸಿಲನ್ನೆಲ್ಲ ನುಂಗುತ್ತಿತ್ತು. ಊರಿನ ತರಕಾರಿ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ಬಹುಮಾನ ಕೈತಪ್ಪಿತ್ತು. ಇಷ್ಟಾದರೂ ಪುಣ್ಯಾತ್ಮ ಬೇಲಿಯ ಮೇಲಿಂದ "ಇವತ್ತು ಹವಾ ಚೆನ್ನಾಗಿದೆ" ಎನ್ನುತ್ತಿದ್ದನೇ ಹೊರತು ಕೊಂಬೆಯ ಸುದ್ದಿ ಎತ್ತಿರಲಿಲ್ಲ.

ಒಂದು ದಿನ ಎನಿಡ್ ಪೇಟೆಗೆ ಹೋದದ್ದನ್ನು ನೋಡಿ ಗರಗಸ ಹಿಡಿದ. ಈಚೆ ಬಂದ ಕೊಂಬೆ ಕಡಿದು, ಹಣ್ಣನ್ನೆಲ್ಲ ಎರಡು ಬುಟ್ಟಿಗೆ ತುಂಬಿದ. ಸಿಟ್ಟು ತಣಿಯಲಿಲ್ಲ. ಬುಡವನ್ನೇ ಕಡಿಯುತ್ತೇನೆಂದು ಬೇಲಿ ಹತ್ತಿ ಒಂದು ಕಾಲು ಆಚೆ ಹಾಕಿದ. ಎನಿಡ್‌ಳ ಗಂಡ ಸಾಯುವ ಹಿಂದಿನ ವರ್ಷ ನೆಟ್ಟ ಮರ ಅದು. ಸಿರಿಲ್‌ಗೂ ಗೊತ್ತಿತ್ತು.

ಅಷ್ಟರಲ್ಲಿ ಅವನ ಅಕ್ಕ ಹಿಲ್ಡಾ ಬಂದಳು. ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವಳು.

"ಲೋ, ಇಳಿಯೋ ಕೆಳಗೆ!"

"ಇಳಿಯಲ್ಲ ಅಕ್ಕ. ಕಡೀಬಾರ್ದು ಅಂತ ಯಾವ ಕಾಯ್ದೆ ಪುಸ್ತಕದಲ್ಲಿದೆ, ತೋರಿಸು."

"ಪಾರ್ಲಿಮೆಂಟಿನ ಕಾಯ್ದೆ ಒಂದೇ ಕಾನೂನಲ್ಲ ಕಣೋ. ನಮ್ಮಲ್ಲಿ ಜಡ್ಜು ಕೊಟ್ಟ ತೀರ್ಪೂ ಕಾನೂನೇ. ನೂರು ವರ್ಷಕ್ಕೂ ಹಿಂದೆ ಇಬ್ಬರು ಹೀಗೇ ಕೊಂಬೆಗೆ ಕಿತ್ತಾಡಿ ದೊಡ್ಡ ಕೋರ್ಟಿಗೆ ಹೋಗಿದ್ರು. ಬೇಲಿ ದಾಟಿದ್ದನ್ನ ಕಡಿ, ಆದ್ರೆ ಬೇಲಿವರೆಗೆ ಮಾತ್ರ ಅಂತ ತೀರ್ಪಾಯ್ತು. ಅಂಥದ್ದೇ ಜಗಳ ಬಂದ್ರೆ ಕೆಳಗಿನ ಕೋರ್ಟುಗಳು ಅದನ್ನೇ ಪಾಲಿಸ್ಬೇಕು."

"ಯಾರೋ ಸತ್ತವರ ಜಗಳ ನನ್ನ ತಲೆಗ್ಯಾಕೆ ಕಟ್ತೀಯ?"

"ನಿನಗೊಂದು ನ್ಯಾಯ, ಎನಿಡ್‌ಗೊಂದು ನ್ಯಾಯ ಆಗ್ಬಾರ್ದು ಅಂತ."

ಸಿರಿಲ್ ತಲೆ ಕೆರೆದುಕೊಂಡ. "ಅವರದ್ದು ಯಾವ ಮರವೋ! ಇದು ಸೇಬು. ಇದೇ ಬೇರೆ."

ಹಿಲ್ಡಾ ನಕ್ಕಳು. "ಭಲೇ! ವಕೀಲರೂ ಹೀಗೇ ವಾದಿಸೋದು. ಆದ್ರೆ ನ್ಯಾಯ ಬದಲಾಗೋವಷ್ಟು ವ್ಯತ್ಯಾಸ ಇರ್ಬೇಕು. ಯಾವ ಮರವಾದ್ರೇನು, ಬೇಲಿ ದಾಟೋದು ಒಂದೇ ಥರ. ಸೇಬಿಗೂ ಒಂದು ತೀರ್ಪಿದೆ ಕೇಳು. ಈಚೆ ಬಂದ ಕೊಂಬೆಯ ಹಣ್ಣೂ ಮರದ ಯಜಮಾನರದ್ದೇ."

ಸಿರಿಲ್ ಬುಟ್ಟಿಗಳ ಕಡೆ ನೋಡಿದ. "ಪಾರ್ಲಿಮೆಂಟು ಇದನ್ನ ಬದಲಾಯಿಸಬಹುದಲ್ವಾ?"

"ಧಾರಾಳವಾಗಿ. ಹೊಸ ಕಾಯ್ದೆ ಬಂದ್ರೆ ತೀರ್ಪಿಗಿಂತ ಅದೇ ಮೇಲು. ಆದ್ರೆ ಎನಿಡ್ ಬರೋದ್ರೊಳಗೆ ಮಾಡಲ್ಲ ಬಿಡು."

ಅವನು ಬೇಲಿಯಿಂದ ಇಳಿದ. ಎನಿಡ್ ಬಂದ ಕೂಡಲೇ ಬುಟ್ಟಿಗಳನ್ನು ಹೊತ್ತುಕೊಂಡು ಹೋದ.

"ಕೊಂಬೆ ಕಡಿದೆ, ಅದು ನನ್ನ ಹಕ್ಕು. ಹಣ್ಣು ನಿಮ್ದು," ಎಂದ.

ಎನಿಡ್ ಹಣ್ಣನ್ನು ನೋಡಲಿಲ್ಲ. ಮೊದಲು ಹೋಗಿ ಮರದ ಬುಡ ಮುಟ್ಟಿ ನೋಡಿದಳು. ಕಣ್ಣು ಒದ್ದೆಯಾಯಿತು.

"ಅಲ್ರೀ ಸಿರಿಲ್, ಒಂದು ಮಾತು ಹೇಳಿದ್ರೆ ಏಣಿ ನಾನೇ ಹಿಡ್ಕೋತಿದ್ದೆನಲ್ರೀ!"

ಮರುದಿನ ಬಿಸಿಬಿಸಿ ಸೇಬಿನ ಪೈ ಬೇಲಿಯ ಮೇಲಿಂದ ಬಂತು. ಬೀನ್ಸ್ ಬಳ್ಳಿಗೆ ಬಿಸಿಲೂ ಬಂತು.

ಬಂಧುಗಳೇ, ನಿಮ್ಮ ಜಗಳ ಲೋಕದಲ್ಲಿ ಮೊದಲನೆಯದೇನಲ್ಲ. ಗರಗಸ ಎತ್ತುವ ಮೊದಲು ತಿಳಿದವರನ್ನು ಕೇಳಿ, ಹಿಂದೆ ಇಂಥದ್ದಕ್ಕೆ ಏನು ತೀರ್ಪಾಗಿದೆ ಎಂದು. ಅದಕ್ಕೂ ಮೊದಲು, ಹವಾ ವಿಚಾರ ಬಿಟ್ಟು, ಬೇಲಿಯಾಚೆ ನಿಂತವರ ಹತ್ತಿರ ಮಾತಾಡಿ.