ಎಡಗೆನ್ನೆ

"ಇವಳು ಯಾರು?" ಎಂದಳು ತಾಯಿ.

ಕಟ್ಟು ಹಾಕಿಸಿದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ಸ್ಟುಡಿಯೋದವನು ತಬ್ಬಿಬ್ಬಾದ. "ನಿಮ್ಮ ಮಗಳೇ ಅಲ್ವೇನಮ್ಮಾ?"

"ನನ್ನ ಮಗಳ ಮುಖದಲ್ಲಿ ಮೊಡವೆ ಇತ್ತು. ಇದ್ಯಾವುದೋ ಗೊಂಬೆ."

ಅವನ ಕೈಗೆ ಸಿಕ್ಕ ಮುಖದಲ್ಲಿ ಮೊಡವೆ ಉಳಿಯುವುದುಂಟೇ! ಕಂಪ್ಯೂಟರಿನ ಮುಂದೆ ಕೂತರೆ ಸಾಕು, ಬೆರಳು ತಾನಾಗಿಯೇ ಓಡುತ್ತಿತ್ತು. ಮದುಮಕ್ಕಳಾಗಲಿ, ಮುದುಕರಾಗಲಿ, ಎಲ್ಲರಿಗೂ ಒಂದೇ ನುಣುಪು. ತಿದ್ದಿದ್ದನ್ನು ಇಟ್ಟುಕೊಂಡು ಮೂಲವನ್ನು ಅಳಿಸಿಹಾಕುವುದೂ ಅವನ ಚಾಳಿಯೇ. ಜ್ವರ ಬಂದು ತೀರಿಕೊಂಡ ಆ ಹುಡುಗಿಯ ಮುಖ ಈಗ ಬೇರೆಲ್ಲೂ ಇರಲಿಲ್ಲ. ಮೊಡವೆ ಎದ್ದ ಮೇಲೆ ಅವಳು ಯಾರ ಕ್ಯಾಮೆರಾಕ್ಕೂ ಮುಖ ಕೊಟ್ಟವಳಲ್ಲ, ಇಲ್ಲಿಗೆ ಬಂದ ಆ ಒಂದು ದಿನ ಬಿಟ್ಟು.

ಅವತ್ತು ಅವಳು ಹೇಳಿದ್ದು ಈಗ ಅವನ ಕಿವಿಯಲ್ಲೇ ಕೇಳಿಸಿತು. "ಅಣ್ಣಾ, ಒಂದನ್ನೂ ತೆಗೀಬೇಡಿ. ಪೂರ್ತಿ ಹೋಗೋಕೆ ಕೆಲವು ತಿಂಗಳು ಹಿಡಿಯುತ್ತೆ ಅಂದಿದ್ದಾರೆ ಡಾಕ್ಟರು. ಹೋದ್ಮೇಲೆ ಇನ್ನೊಂದು ತೆಗೆಸ್ಕೋತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು ನಾನು." ಆಯ್ತಮ್ಮಾ ಅಂದಿದ್ದ. ಅವಳು ಬಾಗಿಲು ದಾಟುವಷ್ಟರಲ್ಲಿ ಬೆರಳು ಓಡಿತ್ತು.

ತಾಯಿ ಕುರ್ಚಿ ಎಳೆದುಕೊಂಡು ಕೂತಳು. "ಎಷ್ಟು ಕಷ್ಟಪಟ್ಲು ಗೊತ್ತಾ? ಸಿಹಿ ಅಂದ್ರೆ ಪ್ರಾಣ ಬಿಡೋಳು, ಅದನ್ನೂ ಬಿಟ್ಲು. ಹೊತ್ತಿಗೆ ಸರಿಯಾಗಿ ಮಲಗೋಳು. ಉಜ್ಜಬಾರದು ಅಂತ ಮುಖ ಮೆತ್ತಗೆ ತೊಳೆಯೋಳು. ಚಿವುಟಿಬಿಡ್ತೀನಿ ಅಂತ ಉಗುರನ್ನ ಬುಡಕ್ಕೇ ಕತ್ತರಿಸ್ಕೊಂಡಿದ್ಲು. ದಿಂಬಿನ ಕವರು ದಿನಾ ಒಗೀಬೇಕು ಅಂತ ನನ್ನ ತಲೆ ತಿನ್ನೋಳು." ಸ್ವಲ್ಪ ತಡೆದು ಹೇಳಿದಳು, "ಇವತ್ತೂ ಒಗೆದು ಹಾಕಿ ಬಂದೆ."

ಅವನು ಫೋಟೋವನ್ನು ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತ. "ತಪ್ಪಾಯ್ತಮ್ಮಾ. ನೀವೇ ತೋರಿಸಿ, ವಾಪಸ್ ಹಾಕ್ತೀನಿ."

ತೆರೆಯ ಮೇಲೆ ನುಣ್ಣನೆಯ ಮುಖ ಬಂತು. ತಾಯಿ ಬೆರಳಿಟ್ಟಳು. "ಎಡಗೆನ್ನೆ ಮೇಲೆ ಎರಡು, ಅಂಟಿಕೊಂಡ ಹಾಗೆ. ಗದ್ದದ ಹತ್ತಿರ ಒಂದು, ಕೆಂಪಗೆ. ಅಯ್ಯೋ, ಅಷ್ಟು ದಪ್ಪ ಬೇಡಪ್ಪಾ, ಬೈಕೋತಾಳೆ."

ಅವನು ಒಂದೊಂದೇ ಚುಕ್ಕಿ ಇಡುತ್ತ ಹೋದ ಹಾಗೆ ಹುಡುಗಿ ಮೆಲ್ಲಗೆ ಹತ್ತಿರ ಬಂದಳು. ಕಣ್ಣುಗಳನ್ನು ಅವನು ಮುಟ್ಟಿರಲೇ ಇಲ್ಲ. ಆದರೂ ಅವು ಈಗ ಅವನನ್ನೇ ನೋಡುತ್ತಿದ್ದವು. ಅವನಿಗೆ ನಿಜಕ್ಕೂ ಭಯವಾಯಿತು.

"ಹಣೆ ಮೇಲೆ?" ಎಂದು ಕೇಳಿದ, ದೃಷ್ಟಿ ತಪ್ಪಿಸಿ. "ಅವತ್ತು ಅಲ್ಲೂ ಇದ್ದ ನೆನಪು."

ತಾಯಿ ತೆರೆಯ ಹತ್ತಿರಕ್ಕೆ ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಬೇಡ," ಎಂದಳು. "ಹಣೇದು ವಾಸಿಯಾಗಿತ್ತು."

ಆಮೇಲೆ ಬೆರಳಿನ ಹಿಂಬದಿಯಿಂದ ತೆರೆಯ ಮೇಲಿನ ಆ ಹಣೆಯನ್ನು ಮೆತ್ತಗೆ, ಉಜ್ಜದೆ, ಒರೆಸಿದಳು.