ಸುಣ್ಣ ಬಳಿದ ಟ್ಯಾಂಕು

"ಇದ್ರಲ್ಲಿ ಯಾವ್ದಪ್ಪ ಅವ್ನಿಗೆ ಇಷ್ಟ? ಬೇಗ ಹೇಳು, ಅಲ್ಲಿ ಗುಂಡಿ ತೆಗೆದಾಯ್ತು," ಎನ್ನುತ್ತ ನಲ್ಲಪ್ಪ ಗಾಜಿನ ಬೀರುವಿನ ಬಾಗಿಲು ಜಗ್ಗುತ್ತಿದ್ದ.

ನರೇಶ ಗಾಜಿನೊಳಗೆ ಕಣ್ಣಾಡಿಸಿದ. ಬೀರುವಿನ ತುಂಬ ಅಂಗೈಯಗಲದ ಯುದ್ಧದ ಟ್ಯಾಂಕುಗಳು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಹೊಡೆದು, ತುಕ್ಕು, ಕೆಸರು, ಹೊಗೆಯ ಕರೆ ಎಲ್ಲವನ್ನೂ ಬ್ರಷ್ಷಿನಲ್ಲೇ ಬರಿಸಿ ಶಶಿಕುಮಾರ ಮಾಡಿದವು. ಅವನೀಗ ಹೊರಗೆ ಚಪ್ಪರದ ಕೆಳಗೆ ಸ್ನಾನ ಮಾಡಿಸಿಕೊಂಡು ಮಲಗಿದ್ದ. ನಿನ್ನೆ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವನು ನರೇಶನೇ. ಇಬ್ಬರೂ ಅಲ್ಲಿ ಒಂದೇ ಪೇಂಟಿಂಗ್ ಬೂತಿನಲ್ಲಿ ಬಣ್ಣ ಹೊಡೆಯುವವರು. ಭಾನುವಾರ ಇಬ್ಬರಿಗೂ ಇದೇ ಹುಚ್ಚು.

"ಮಣ್ಣಿಗಿಡುವಾಗ ಇಷ್ಟವಾದ್ದು ಪಕ್ಕದಲ್ಲಿಡ್ಬೇಕು. ಇವರಪ್ಪಂಗೆ ಒಂದು ಕ್ವಾರ್ಟರ್ ಇಟ್ಟಿದ್ವಿ," ಎಂದ ನಲ್ಲಪ್ಪ. ಅವನು ಶಶಿಯ ಸೋದರಮಾವ. "ಇವ್ನು ಕುಡೀಲಿಲ್ಲ, ಸೇದಲಿಲ್ಲ. ಮದ್ವೆ ಆಗೋ ಅಂದ್ರೆ ಈ ಆಟದ ಸಾಮಾನು ತೋರಿಸ್ತಿದ್ದ."

"ಆ ಕ್ವಾರ್ಟರ್‌ನಲ್ಲಿ ಅರ್ಧ ನೀನೇ ಕುಡಿದು ಇಟ್ಟಿದ್ದು. ಅದನ್ನೂ ಹೇಳು," ಎಂದಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆ ವೆಂಕಟಮ್ಮ.

ನರೇಶನ ಕಣ್ಣು ನಡುವಿನ ಅರೆಯ ಬಿಳಿ ಟ್ಯಾಂಕಿನ ಮೇಲಿತ್ತು. ಬೆಳಿಗ್ಗೆಯಷ್ಟೇ ಫ್ಯಾಕ್ಟರಿಯ ಸೂಪರ್‌ವೈಸರ್ ವಿಶ್ವನಾಥ್ ಅದರ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದರು. "ಮುಂದಿನ ತಿಂಗಳ ಮಾಡೆಲ್ ಸ್ಪರ್ಧೆಗೆ ಇದನ್ನ ಶಶಿ ಹೆಸ್ರಲ್ಲೇ ಇಡೋಣ ಗುರು. ಇದಕ್ಕೇ ಫಸ್ಟ್ ಪ್ರೈಜ್, ಬರೆದಿಟ್ಕೋ." ಬದುಕಿದ್ದಾಗ ಪ್ರತಿ ಸಲ ಅವನೇ ಮೊದಲು. ಸತ್ತ ಮೇಲೂ ಅವನೇ ಅಂದರೆ? ನರೇಶನೂ ಸ್ಪರ್ಧೆಗೆಂದು ಒಂದು ಮಾಡಿಟ್ಟಿದ್ದಾನೆ ಅನ್ನುವುದು ಆ ಮನುಷ್ಯನಿಗೆ ನೆನಪೂ ಆಗಲಿಲ್ಲ.

*

ಹೋದ ಭಾನುವಾರ ಇಬ್ಬರೂ ಇದೇ ಕೋಣೆಯಲ್ಲಿ ಕೂತಿದ್ದರು. ಹಸಿರಿನ ಮೇಲೆ ತಲೆಗೂದಲಿಗೆ ಹೊಡೆಯುವ ಸ್ಪ್ರೇ, ಅದರ ಮೇಲೆ ಬಿಳಿ ಬಣ್ಣ. ಒದ್ದೆ ಬ್ರಷ್ಷು ಆಡಿಸಿದರೆ ಬಿಳಿ ಚೂರುಚೂರಾಗಿ ಏಳಬೇಕು. ಹಿಮದಲ್ಲಿ ಅಡಗಲೆಂದು ಸೈನಿಕರು ಬಳಿದ ಸುಣ್ಣ, ಚಳಿಗಾಲ ಕಳೆಯುವ ಹೊತ್ತಿಗೆ ಸವೆದಂತೆ ಕಾಣಬೇಕು. ನರೇಶನದು ಕಜ್ಜಿ ಹತ್ತಿದ ನಾಯಿಯಂತೆ ಕಂಡಿತು.

"ಯಾಕೋ ಎಲ್ಲಾ ಕಡೆ ಕೆರೀತೀಯ? ಸುಣ್ಣ ಹೋಗೋದು ಕೈ ಇಡೋ ಕಡೆ, ಕಾಲಿಡೋ ಕಡೆ ಕಣೋ," ಎಂದ ಶಶಿ.

"ನೀನೇನು ರಷ್ಯಾಗೆ ಹೋಗಿ ನೋಡ್ಕೊಂಡು ಬಂದ್ಯಾ?"

"ಆನೇಕಲ್ ಬಿಟ್ರೆ ತಿರುಪತಿ ಕಂಡಿದೀನಿ ಅಷ್ಟೇ. ನಮ್ಮಜ್ಜಿ ಮನೆ ಗೋಡೆ ನೋಡಿದೀನಲ್ಲ ಮಗಾ."

ಶಶಿ ನಕ್ಕ. ಆ ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನರೇಶ ಒಂದು ಜಗಳವಾದರೂ ತೆಗೆಯುತ್ತಿದ್ದ.

"ಇನ್ನೂ ಮೇಲೆ ವಾರ್ನಿಷ್ಷು, ಕ್ಲಿಯರ್ ಕೋಟ್ ಹೊಡೆದಿಲ್ಲ. ಅಲ್ಲೀವರೆಗೂ ಇದಕ್ಕೆ ನೀರು ಸೋಕಬಾರದು," ಎಂದು ಶಶಿ ತನ್ನದನ್ನು ಬೀರುವಿನಲ್ಲಿಟ್ಟ.

*

"ಅದು," ಎಂದ ನರೇಶ. "ಬಿಳೀದು."

"ಬಣ್ಣ ಕಿತ್ತೋಗಿರೋದಾ? ಇನ್ನೂ ಚೆನ್ನಾಗಿರೋವು ಅವೆಯಲ್ಲೋ."

"ಅದೇ ಇಷ್ಟ ಅವ್ನಿಗೆ. ಬೇಗ ತಗೊಳ್ಳಿ."

ವಿಶ್ವನಾಥ್ ಹಾರ ತರಲು ಹೋಗಿದ್ದರು. ಬರುವುದರೊಳಗೆ ಮುಗಿಯಬೇಕು. ಹೇಳಿದ್ದು ಸುಳ್ಳೂ ಅಲ್ಲ ಅನ್ನುವುದೇ ನರೇಶನಿಗೆ ಧೈರ್ಯ.

ಶಶಿಯ ತಾಯಿ ವಸಂತಮ್ಮ ಟ್ಯಾಂಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಎಷ್ಟು ಕೊಳೆ. ಮಗನ್ನ ತೊಳೆದು ಮಲಗ್ಸಿದೀನಿ, ಇದನ್ನ ಹಿಂಗೇ ಇಡ್ಲಾ?" ಎಂದು ಹಿತ್ತಲಿನ ನಲ್ಲಿಯತ್ತ ನಡೆದಳು.

"ಅಮ್ಮಾ, ನೀರು..." ಎಂದು ಬಾಯಿಗೆ ಬಂದದ್ದನ್ನು ನರೇಶ ನುಂಗಿಕೊಂಡ. ಹೋಗಲಿ. ತೊಳೆದು ಹೋಗಲಿ.

ವಸಂತಮ್ಮ ಕೂಸಿಗೆ ನೀರೆರೆಯುವಂತೆ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಮೆತ್ತಗೆ ತಿಕ್ಕಿದಳು. ಬೆರಳ ಸಂದಿಯಿಂದ ಬಿಳಿ ನೀರು ಹಾಲಿನಂತೆ ಇಳಿಯಿತು. ಸೆರಗಿನಿಂದ ಒರೆಸಿ ಎತ್ತಿ ಹಿಡಿದಳು. ಅವಳ ಬೆರಳು ಹಿಡಿದ ಕಡೆ, ಹೆಬ್ಬೆರಳು ಓಡಾಡಿದ ಅಂಚಿನಲ್ಲಿ ಮಾತ್ರ ಹಸಿರು ಇಣುಕುತ್ತಿತ್ತು. ಬೆರಳು ಹೋಗದ ಸಂದಿಗಳಲ್ಲಿ ಸುಣ್ಣ ಹಾಗೇ ಕೂತಿತ್ತು. ಶಶಿಯ ಬ್ರಷ್ಷಿಗೂ ಇಷ್ಟು ಆಗುತ್ತಿರಲಿಲ್ಲ. ನಿನ್ನೆ ಸತ್ತವನ ಟ್ಯಾಂಕು ಇವತ್ತು ಇನ್ನೂ ಚೆನ್ನಾಗಿದೆ.

"ಹೋಯ್ತೇನಪ್ಪ ಕೊಳೆ?"

"ಚೆನ್ನಾಗಾಯ್ತಮ್ಮ." ಅವನು ಮುಖ ಆಚೆ ತಿರುಗಿಸಿದ.

ಅಳುತ್ತಿದ್ದಾನೆಂದುಕೊಂಡು ಅವಳು ಅವನ ತಲೆ ಸವರಿದಳು. "ನಿನ್ನ ಬಿಟ್ರೆ ಇದನ್ನ ಯಾರು ನೋಡ್ತಿದ್ರು. ನೀನೇ ಇಡು."

ಮನೆಯಾಚೆ ಹುಡುಗರ ಪೀಜಿ ಕಟ್ಟಡದ ಹಿಂದೆ, ಅದರ ಕಾಂಪೌಂಡಿಗೆ ಒತ್ತಿಕೊಂಡು ಉಳಿದಿದ್ದ ಶಶಿ ಮನೆಯವರ ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಶಶಿಯನ್ನು ಮಲಗಿಸಿದ ಮೇಲೆ ನರೇಶ ಒಳಗಿಳಿದು, ಒದ್ದೆ ಟ್ಯಾಂಕನ್ನು ಗೆಳೆಯನ ಮೊಣಕೈ ಸಂದಿಯಲ್ಲಿಟ್ಟು ಮೇಲೆ ಬಂದ. ವಿಶ್ವನಾಥ್ ಹಾರ ಹಿಡಿದು ಓಡಿಬಂದು ಗುಂಡಿಯೊಳಗೆ ನೋಡಿದರು. "ಅಯ್ಯೋ, ಅದನ್ನ ಯಾಕೋ..." ಎಂದವರು ವಸಂತಮ್ಮನ ಮುಖ ನೋಡಿ ಹಾರವನ್ನು ಶಶಿಯ ಎದೆಗೆ ಇಳಿಬಿಟ್ಟರು.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ನರೇಶ ದೊಡ್ಡ ಹೆಂಟೆಯನ್ನೇ ಹುಡುಕಿ ತೆಗೆದುಕೊಂಡ. ಟ್ಯಾಂಕಿನ ತೋಪಿಗೇ ಗುರಿಯಿಟ್ಟು ಬೀಸಿದ. ಹೆಂಟೆ ಅದರ ಬೆನ್ನ ಮೇಲೆ ಬಿದ್ದು ಪುಡಿಪುಡಿಯಾಯಿತು. ತೋಪು ಮುರಿಯಲಿಲ್ಲ. ಕೆಂಪು ಮಣ್ಣು ಇಳಿಜಾರಿನಲ್ಲಿ ಜಾರಿ, ಒದ್ದೆ ಗಾಲಿಗಳಿಗೆ ಮೆತ್ತಿಕೊಂಡು, ಸರಪಳಿಯ ಹಲ್ಲುಗಳ ನಡುವೆ ಒಂದೊಂದಾಗಿ ತುಂಬಿಕೊಂಡಿತು.

"ಸರ್ಕೊಳಪ್ಪ, ಮಿಕ್ಕೋರು ಹಾಕ್ಲಿ," ಎಂದು ನಲ್ಲಪ್ಪ ತೋಳು ಹಿಡಿದ.

ನರೇಶ ಕದಲಲಿಲ್ಲ. ಮಣ್ಣು ಬೀಳುತ್ತಲೇ ಇತ್ತು. ಅವನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಯಾವ ಬ್ರಷ್ಷಿಗೂ ಬಾರದ ಆ ಕೆಸರು ಎಲ್ಲಿವರೆಗೆ ಏರುತ್ತದೆಂದು ಕತ್ತು ಚಾಚಿ ನೋಡುತ್ತಿದ್ದ.