ಕೆರೆಗೆ ತಂದ ಕೀಲಿಗೊಂಚಲು

“ಯವ್ವಾ, ತಿಜೋರಿ ಕೀಲಿ ಕೆರಿಗ್ಯಾಕ ತಂದೀರಿ ಉಮಾಬಾಯಾರ? ಮೀನ ಬಂದು ಕಳವು ಮಾಡ್ತಾವೇನು?”

ಬೀಗಿತಿಯಾಗಲಿದ್ದ ಅಕ್ಕನಾಗಮ್ಮ ನಗುನಗುತ್ತಲೇ ಕೇಳಿದಳು. ಬಾಡಿಗೆ ಮೋಟಾರಿನಿಂದ ಇಳಿಯುವಾಗ ಉಮಾಬಾಯಿಯ ಸೊಂಟದ ಗೊಂಚಲು ಝಣಕ್ಕೆಂದಿತ್ತು. ಅವಳು ಅವಸರದಲ್ಲಿ ಸೆರಗನ್ನು ಅದರ ಮೇಲೆ ಎಳೆದುಕೊಂಡು, “ರೂಢಿರಿ ಅಕ್ಕಾರ. ಇದು ಇಲ್ದಿದ್ರ ಏನೋ ಮರತು ಬಂದಂಗ ಆಗ್ತದ” ಎಂದಳು.

ಎದುರಿಗೆ ಹಿಪ್ಪರಗಿ ಕೆರೆ ತುಂಬಿ ನಿಂತಿತ್ತು. ಆ ಸಲ ಮಳೆ ಕೈಬಿಚ್ಚಿ ಸುರಿದು ಹೋಗಿತ್ತು. ಏರಿಯ ಮೇಲೆ ನಿಂತರೆ ಆಚೆ ದಂಡೆ ಕಾಣುತ್ತಿರಲಿಲ್ಲ. ಸೊಲ್ಲಾಪುರದ ಪೇಟೆಯ ಓಣಿಯಲ್ಲಿ ಗಿರಣಿಯ ಹೊಗೆ ನೋಡುತ್ತಲೇ ಮುದುಕಿಯಾಗುತ್ತಿದ್ದ ಉಮಾಬಾಯಿ ಬೇರೆ ಯಾವ ದಿನ ಬಂದಿದ್ದರೂ ಕಣ್ತುಂಬ ನೋಡಿ ಹಿಗ್ಗುತ್ತಿದ್ದಳು. ಇವತ್ತು ಅವಳಿಗೆ ನೀರಲ್ಲ, ನೀರಿನ ಮೇಲಿನ ಬಿಸಿಲಿನ ಝಳಪು ಮಾತ್ರ ಕಾಣುತ್ತಿತ್ತು. ಶಾಂತಲಿಂಗ ಅದನ್ನು ನೆಟ್ಟ ದೃಷ್ಟಿಯಿಂದ ನೋಡದಿರಲಿ ಎಂದು ಸಿದ್ಧರಾಮನಿಗೆ ಹರಕೆ ಹೊತ್ತುಕೊಳ್ಳುತ್ತಿದ್ದಳು.

ಶಾಂತಲಿಂಗ ಅವಳ ಒಬ್ಬನೇ ಮಗ. ಅವನಿಗೆ ಅಕ್ಕಲಕೋಟೆ ಕಡೆಯ ಜಮೀನುದಾರ ಕಲ್ಲಣ್ಣನ ಮಗಳು ದ್ರೌಪದಿಯನ್ನು ತರುವ ಮಾತು ನಡೆದಿತ್ತು. ಹುಡುಗ ಹುಡುಗಿಯನ್ನು ನೋಡಿಯಾಗಿತ್ತು, ಹಿರಿಯರೂ ಒಪ್ಪಿದ್ದರು. ಹುಡುಗಿಗೆ ಉಡಿ ತುಂಬಿ ಸಕ್ಕರೆ ಹಂಚುವುದೊಂದು ಬಾಕಿ. ಅಷ್ಟರಲ್ಲಿ ಕಲ್ಲಣ್ಣ, “ಊರಾಗ ಕುಂತು ಏನ ಮಾಡೂದ್ರಿ? ಕೆರಿ ನೋಡೂಣು ನಡೀರಿ, ಹೆಂಗಸರಿಗೂ ಒಂದೀಟು ಗಾಳಿ ಆಗ್ತದ” ಎಂದುಬಿಟ್ಟ. ಉಮಾಬಾಯಿಯ ಗಂಡ ಸಾತಲಿಂಗಪ್ಪ ಅರಿವೆ ವ್ಯಾಪಾರಿ. ಬೀಗರಾಗುವವರ ಮುಂದೆ ಕೈ ಬಿಗಿ ಹಿಡಿಯುವುದುಂಟೇ? ಮೋಟಾರು ಗೊತ್ತು ಮಾಡಿ ಬಂದು, “ಉಡಿ ಸಾಮಾನೂ ಕಟಕೋ, ಅಲ್ಲೇ ಮಾತು ಮುಗದ್ರೂ ಮುಗೀತು” ಎಂದು ಹೆಂಡತಿಗೆ ಹೇಳಿದ್ದ.

ಶಾಂತಲಿಂಗನಿಗೆ ಮೂರ್ಛೆ ಇತ್ತು. ಸಾಲೆಗೆ ಹೋಗುವ ವಯಸ್ಸಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ಮೊದಲ ಸಲ ಬಿದ್ದು ಒದ್ದಾಡಿದ. ಆಗ ಉಮಾಬಾಯಿ ಓಡಿಬಂದು ಸೊಂಟದ ಕೀಲಿಗೊಂಚಲು ಬಿಚ್ಚಿ ಅವನ ಮುಷ್ಟಿಯಲ್ಲಿಟ್ಟು ಅದುಮಿ ಹಿಡಿದಿದ್ದಳು. ಕಬ್ಬಿಣ ಕೈಗೆ ಬಂದರೆ ಮೂರ್ಛೆ ಇಳಿಯುತ್ತದೆಂಬುದು ಆ ಸೀಮೆಯಲ್ಲಿ ಎಲ್ಲರ ನಂಬಿಕೆ. ಆಮೇಲೂ ವರ್ಷಕ್ಕೊಂದೆರಡು ಸಲ ಅದೇ ಗೊಂಚಲು, ಅದೇ ಮುಷ್ಟಿ. ಅವನು ಕಣ್ಣು ಬಿಟ್ಟು ಏನಾಯಿತೆಂದು ಕೇಳುವ ಮೊದಲೇ ಅದನ್ನು ಕಿತ್ತು ಸೊಂಟಕ್ಕೆ ಕಟ್ಟಿಕೊಂಡು, “ಪಿತ್ತ ಏರಿತ್ತಪ್ಪ, ಮಲಕೋ” ಎನ್ನುತ್ತಿದ್ದಳು. ದೊಡ್ಡ ಕೀಲಿ ಒತ್ತಿದ ಕೆಂಪು ಗುರುತು ಹೆಬ್ಬೆರಳಿನ ಕೆಳಗೆ ಒಂದೆರಡು ದಿನ ಉಳಿಯುತ್ತಿತ್ತು. ಅವನು ಅದರ ಬಗ್ಗೆ ಎಂದೂ ಕೇಳಲಿಲ್ಲ. ‘ಹೊರಗ ಯಾರ ಕಿವಿಗೆ ಬಿದ್ರೂ ಪೋರನ ಬಾಳೇ ಮುಗೀತು ನೋಡು’ ಎಂದು ಸಾತಲಿಂಗಪ್ಪ ಹೆಂಡತಿಯ ಬಾಯಿಗೆ ಬೀಗ ಹಾಕಿದ್ದ.

ಕಲ್ಲಣ್ಣ ಹುಡುಗನ ಹೆಗಲ ಮೇಲೆ ಕೈ ಹಾಕಿ ಏರಿಯುದ್ದಕ್ಕೂ ನಡೆಸಿದ. ಕೋಡಿ ಬಿದ್ದ ಕಡೆ ಕರೆದೊಯ್ದು, “ಬಗ್ಗಿ ನೋಡ್ರಿ, ನೀರು ಹೆಂಗ ಸುತ್ತತದ” ಎಂದು ತೋರಿಸಿದ. ಆಮೇಲೆ ಮೀನುಗಾರನೊಬ್ಬನನ್ನು ಕೂಗಿ ಕರೆದು, “ಬರ್ರಿ, ಒಂದು ಸುತ್ತು ಹಾಕೂಣು” ಎಂದು ಶಾಂತಲಿಂಗನನ್ನು ದೋಣಿಗೂ ಹತ್ತಿಸಿದ. ಸಾತಲಿಂಗಪ್ಪ ದಂಡೆಯ ಮೇಲೆ ನಿಂತು ಬಲು ಜೋರಾಗಿ ನಗುತ್ತಿದ್ದ. ಹೆಂಡತಿಯ ಕಡೆ ಮಾತ್ರ ನೋಡಲೊಲ್ಲ.

ದೋಣಿ ದೂರ ಹೋದ ಹಾಗೆ ಉಮಾಬಾಯಿಯ ಕೈ ತಾನಾಗಿ ಗೊಂಚಲಿಗೆ ಹೋಯಿತು. ಅಷ್ಟು ದೂರದಲ್ಲಿ ಬಿದ್ದರೆ ಈ ಹಾಳು ಕೀಲಿ ಯಾವ ಉಪಯೋಗಕ್ಕೆ!

ಬಿಳಿ ಕೊಕ್ಕರೆಗಳ ಸಾಲು ನೋಡುತ್ತ ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ ದ್ರೌಪದಿ ಸೀರೆಯ ನಿರಿಗೆ ಎತ್ತಿ ಹಿಡಿದು ಅವಳ ಹತ್ತಿರ ಬಂದಳು. ತಾಯಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಅತ್ತಿ, ಅವರಿಗೆ ಈಸು ಬರ್ತದೇನ್ರಿ?” ಎಂದಳು.

ಅತ್ತಿ! ಹುಡುಗಿ ಮೊದಲ ಸಲ ಹಾಗೆ ಕರೆದಿದ್ದಳು. ಉಮಾಬಾಯಿ ಅವಳ ಕಡೆ ತಿರುಗಿದಳು. “ಯಾಕವ್ವಾ?”

“ನಮ್ಮ ತ್ವಾಟದಾಗ ದೊಡ್ಡ ಬಾವಿ ಅದರಿ. ದೀಪಾವಳಿಗೆ ಹೊಸಾ ಅಳಿಯ ಬಂದ್ರ ನಮ್ಮ ಕಾಕಾಗೋಳು ಬಿಡೂದಿಲ್ರಿ, ಚಾಷ್ಟಿಗೆ ಹಿಂದಿನಿಂದ ಬಂದು ದೂಡೇಬಿಡತಾರ. ನಮ್ಮಕ್ಕನ ಗಂಡ ಎಷ್ಟು ನೀರು ಕುಡದಾರಂತೀರಿ!” ಬಾಯಿಗೆ ಸೆರಗು ಹಿಡಿದು ಕಿಸಕ್ಕನೆ ನಕ್ಕಳು. “ಇವರಿಗೆ ಈಸು ಬರಲಿಲ್ಲಂದ್ರ ನಾ ಮೊದಲ ಹೇಳಿ ಇಡತೀನ್ರಿ, ಅದಕ್ಕ ಕೇಳಿದೆ.”

“ಈಸು ಬರ್ತದವ್ವಾ” ಎಂದಳು ಉಮಾಬಾಯಿ. ಅದೇನೋ ಸುಳ್ಳಲ್ಲ, ಚಿಕ್ಕಂದಿನಲ್ಲಿ ಕಲಿತಿದ್ದ. ಆದರೆ ಆ ಬಾವಿ ಅವಳ ಕಣ್ಣಿಗೆ ಕಟ್ಟಿತು. ಮೆಟ್ಟಿಲ ಮೇಲೆ ನಗುತ್ತ ನಿಂತ ಮಂದಿ, ನೀರೊಳಗೆ ಕೈಕಾಲು ಬಡಿಯುವ ಮಗ. ತಮಾಷೆ ಮಾಡುತ್ತಿದ್ದಾನೆಂದು ಅವರು ಇನ್ನಷ್ಟು ನಗುತ್ತಾರೆ. ಅವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಯಾರಿಗೂ ಗೊತ್ತಾಗಬಾರದೆಂದು ಇಷ್ಟು ವರ್ಷ ತಾನೇ ಕಾಪಾಡಿಕೊಂಡು ಬಂದದ್ದು ಇದಕ್ಕೇನು?

ದೋಣಿ ಮರಳಿ ಬಂತು. ಶಾಂತಲಿಂಗ ಇಳಿದು ಎಲ್ಲರಂತೆಯೇ ನಡೆದು ಬಂದ, ಮುಖ ಮಾತ್ರ ಬೆವೆತಿತ್ತು. ಕಟ್ಟಿಕೊಂಡು ಬಂದಿದ್ದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಉಂಡರು. ಊಟವಾದ ಮೇಲೆ ಕಲ್ಲಣ್ಣ ಮೂರು ಕಲ್ಲು ಹೂಡಿ ಚಹಾಕ್ಕೆಂದು ಕಟ್ಟಿಗೆ ಒಟ್ಟಿ, “ಶಾಂತಲಿಂಗಪ್ಪಾ, ಒಂದೀಟು ಉರಿ ಊದ್ರಿ” ಎಂದ.

ಮೊದಲು ನೀರು, ಈಗ ಬೆಂಕಿ. ಮೂರ್ಛೆ ಇದ್ದವರಿಗೆ ಇವೆರಡೂ ಆಗಿಬರುವುದಿಲ್ಲವೆಂದು ಹೇಳಲು ಯಾವ ವೈದ್ಯನೂ ಬೇಕಾಗಿರಲಿಲ್ಲ. ಉಮಾಬಾಯಿ ತಟ್ಟನೆ ಅಕ್ಕನಾಗಮ್ಮನ ಕಡೆ ತಿರುಗಿದಳು. ಆಕೆ ಕೆರೆಯನ್ನೂ ನೋಡುತ್ತಿರಲಿಲ್ಲ, ಕೊಕ್ಕರೆಯನ್ನೂ ನೋಡುತ್ತಿರಲಿಲ್ಲ. ಉರಿ ಊದುತ್ತಿದ್ದ ಹುಡುಗನ ಮುಖವನ್ನೇ ನೋಡುತ್ತಿದ್ದಳು. ಕೆರೆ ನೋಡುವ ನೆವ ಯಾಕೆ ಬಂತೆಂಬುದು ಉಮಾಬಾಯಿಗೆ ಆಗ ತಿಳಿಯಿತು. ಯಾರೋ ಊದಿದ್ದಾರೆ ಇವರ ಕಿವಿಯಲ್ಲಿ.

ಉರಿ ಎದ್ದಿತು. ಶಾಂತಲಿಂಗ ಹೊಗೆಗೆ ಕಣ್ಣೊರೆಸಿಕೊಂಡು ಸುಮ್ಮನೆ ಎದ್ದು ನಿಂತ. ಕಲ್ಲಣ್ಣ ಹೆಂಡತಿಯ ಕಡೆ ನೋಡಿ ಗೆದ್ದವನ ಹಾಗೆ ಮೀಸೆ ನೀವಿದ. “ಇನ್ನ ಯಾಕ ತಡ ಸಾವಕಾರ್ರ? ಗಂಗವ್ವನ ಮುಂದನ ಸಕ್ರಿ ಹಂಚಿಬಿಡೂಣು.”

ಸಾತಲಿಂಗಪ್ಪನ ಮುಖ ಅರಳಿತು. ಗಂಡಸರು ಸಕ್ಕರೆಯ ಪೊಟ್ಟಣ ಬಿಚ್ಚುತ್ತ ಅತ್ತ ಸರಿದರು. ಇತ್ತ ಕಂಬಳಿಯ ಮೇಲೆ ದ್ರೌಪದಿ ಸೆರಗು ಹಾಸಿ ಕುಳಿತಳು. ಉಮಾಬಾಯಿ ಕುಂಕುಮ ಹಚ್ಚಿದಳು, ಖಣ ಇಟ್ಟಳು, ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಇಟ್ಟಳು. ಇನ್ನು ಸೆರಗು ಮಡಚುವುದೊಂದೇ. ಕೈ ಮುಂದೆ ಹೋಗಲಿಲ್ಲ. ಅವಳು ಸೊಂಟದಿಂದ ಗೊಂಚಲು ಬಿಚ್ಚಿ ಅಕ್ಕಿಯ ಮೇಲೆ ಇಟ್ಟಳು.

“ಅಬಾಬಾ!” ಕಲ್ಲಣ್ಣ ದೂರದಿಂದಲೇ ಕೂಗಿದ. “ಲಗ್ನದ ಮೊದಲ ಮನಿತಾನ ಸೊಸಿ ಕೈಗೆ ಕೊಟ್ರು ನೋಡ್ರಿ ಬಾಯಾರು!”

ಉಮಾಬಾಯಿ ಹುಡುಗಿಯ ಕಿವಿಯ ಹತ್ತಿರ ಬಗ್ಗಿದಳು. ಪಕ್ಕದಲ್ಲಿ ಕುಳಿತ ತಾಯಿಗೂ ಕೇಳಿಸುವಷ್ಟು ದನಿಯಲ್ಲಿ ಹೇಳಿದಳು. “ಅಂವಾ ಒಮ್ಮೊಮ್ಮೆ ಮೂರ್ಛಿ ಬೀಳ್ತಾನವ್ವಾ. ಬಿದ್ದಾಗ ಇದನ್ನ ಬಲಗೈ ಮುಷ್ಟ್ಯಾಗ ಇಟ್ಟು ಗಟ್ಟಿ ಹಿಡೀಬೇಕು. ಬಾವಿ ಹತ್ರ ಮಾತ್ರ ಬಿಡಬ್ಯಾಡ. ನಿನ್ನ ಕಾಲ ಬೀಳ್ತೀನಿ, ಬಾವಿಗೆ ದೂಡಾಕ ಬಿಡಬ್ಯಾಡ.”

ದ್ರೌಪದಿ ಮುಖವೆತ್ತಿದಳು. ತಾಯಿಯನ್ನು ನೋಡಿದಳು. ಅವಳ ಬೆರಳುಗಳು ಮಾತ್ರ ಗೊಂಚಲನ್ನು ಬಿಗಿಯಾಗಿ ಹಿಡಿದಿದ್ದವು.

ಅಕ್ಕನಾಗಮ್ಮ ಮಗಳ ಬೆರಳು ಒಂದೊಂದಾಗಿ ಬಿಡಿಸಿ, ಗೊಂಚಲು ತೆಗೆದು ಉಮಾಬಾಯಿಯ ಕೈಯಲ್ಲಿಟ್ಟು, ತನ್ನ ಎರಡೂ ಕೈಯಿಂದ ಮುಚ್ಚಿದಳು. “ನೀವು ಹೇಳಿದ್ರಿ ಅಕ್ಕಾರ, ಪುಣ್ಯಾ ಬರಲಿ ನಿಮಗ. ಕೆರಿಗೂ ಕೀಲಿ ತಂದದ್ದು ನೋಡಿದಾಗನ ನನಗ ಅನುಮಾನ ಬಂದಿತ್ತು. ಆದ್ರ ನಾನೂ ಹಡದಾಕಿ.” ಅವಳ ಕಣ್ಣಲ್ಲಿ ನೀರು ಬಂತು. “ಏಳವ್ವಾ ದುರಪದಿ.”

ತುಂಬಿದ ಉಡಿಯನ್ನು ಕೊಟ್ಟವರಿಗೆ ತಿರುಗಿ ಕೊಡುವಂತಿಲ್ಲ. ತಾಯಿ ಮಗಳನ್ನು ನೀರಿನ ಅಂಚಿಗೆ ಕರೆದೊಯ್ದಳು. ದ್ರೌಪದಿ ಸೆರಗು ಬಿಟ್ಟಳು. ಅಕ್ಕಿ ಮುಳುಗಿತು, ಕೊಬ್ಬರಿ ಬಟ್ಟಲು ಮಾತ್ರ ಅಲೆಯ ಮೇಲೆ ಏಳುತ್ತ ಬೀಳುತ್ತ ದೂರ ಸರಿಯಿತು. ಕಲ್ಲಣ್ಣನ ಕೈಯಲ್ಲಿ ಸಕ್ಕರೆ ಹಾಗೆಯೇ ಉಳಿಯಿತು. ಸಾತಲಿಂಗಪ್ಪ ಹೆಂಡತಿಯ ಹತ್ತಿರ ಬಂದು, “ಏನ ಮಾಡಿದಿ ನೀ? ಏನ ಮಾಡಿದಿ?” ಎಂದು ಅದನ್ನೇ ಮತ್ತೆ ಮತ್ತೆ ಕೇಳಿದ.

ಬಂದ ಮೋಟಾರಿನಲ್ಲೇ ಮರಳಲು ಹೆಣ್ಣಿನ ಕಡೆಯವರು ಒಪ್ಪಲಿಲ್ಲ. ಹಿಪ್ಪರಗಿಯಲ್ಲಿ ಬಂಡಿ ಸಿಗುತ್ತದೆ ಎಂದು ಏರಿ ಹಿಡಿದು ನಡೆದರು. ಸಾತಲಿಂಗಪ್ಪ ಡ್ರೈವರನ ಪಕ್ಕದಲ್ಲಿ ಕಲ್ಲಾಗಿ ಕುಳಿತ. ಹಿಂದೆ ತಾಯಿ ಮಗ. ದಾರಿಯ ಎರಡೂ ಕಡೆ ಜೋಳ ಮೊಳಕಾಲೆತ್ತರ ಬೆಳೆದಿತ್ತು. ಏನು ಹೇಳಲಿ ಇವನಿಗೆ? ಪಿತ್ತ ಎಂದು ಇನ್ನು ಹೇಗೆ ಹೇಳಲಿ? ಉಮಾಬಾಯಿ ಮಗನ ಮುಖ ನೋಡುವ ಧೈರ್ಯವಾಗದೆ ಮಡಿಲಲ್ಲಿದ್ದ ಗೊಂಚಲನ್ನೇ ನೋಡುತ್ತಿದ್ದಳು.

“ಅವ್ವಾ, ಅದನ್ನ ಇಲ್ಲಿ ಕೊಡು.”

“ಯಾಕಪ್ಪಾ?”

“ನೀ ಹಿಡದು ಹಿಡದು ಸಾಕಾಗಿದಿ. ಇನ್ನ ನನ್ನ ಹತ್ರನ ಇರಲಿ.”

ಅವನು ಬಲಗೈ ಚಾಚಿದ. ಅವಳು ಗೊಂಚಲು ಇಟ್ಟಳು. ಬೆರಳುಗಳು ತಡಕಾಡದೆ ಮಡಚಿಕೊಂಡವು. ದೊಡ್ಡ ಕೀಲಿ ಹೆಬ್ಬೆರಳಿನ ಕೆಳಗೆ ತನ್ನ ಜಾಗಕ್ಕೆ ತಾನೇ ಬಂದು ಕುಳಿತಿತು.